ಬೆಂಗಳೂರು ರಸ್ತೆಯ ಮನೆ: ಆ 1958ರ ಮುಂಭಾಗವನ್ನು ಒಡೆಸಬೇಡಿ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ನಮ್ಮ ಮುತ್ತಾತ ಕಟ್ಟಿಸಿದ ಮನೆಯಿದೆ. ಒಳಗಿನ ತಲೆಬಾಗಿಲ ಮೇಲಿನ ಕಲ್ಲಿನಲ್ಲಿ ತೆಲುಗಿನಲ್ಲಿ ಅವರ ಹೆಸರು, ಕೆಳಗೆ 1921 ಎಂಬ ಇಸವಿ ಕೆತ್ತಿದೆ. 1958ರಲ್ಲಿ ತಾತ ಮುಂದಿನ ಮರದ ಕಂಬಗಳ ಜಗಲಿ ತೆಗೆಸಿ, ಸಿಮೆಂಟಿನ ಮುಂಭಾಗ ಕಟ್ಟಿಸಿ, ಎರಡು ಮಳಿಗೆ ಮಾಡಿ ಬಾಡಿಗೆಗೆ ಕೊಟ್ಟರು. ಆಮೇಲೆ ಅವು ನಾಲ್ಕಾದವು. ಈಗ ಬೀದಿಯಿಂದ ನೋಡಿದರೆ ಶಟರು, ಬೋರ್ಡು ಬಿಟ್ಟು ಏನೂ ಕಾಣುವುದಿಲ್ಲ. ಹಿಂದಿನ ಭಾಗದಲ್ಲಿ ಅಮ್ಮ ಮತ್ತು ನಾನು ಇದ್ದೇವೆ. ಮೇ ತಿಂಗಳಲ್ಲಿ ಅಮ್ಮ ಮುಂದಿನ ಕೋಣೆ ಬಿಟ್ಟು ಹಿಂದೆ ಮಲಗುತ್ತಾರೆ. ಅಡುಗೆಮನೆಯ ಹೆಂಚಿನ ಮೇಲೆ 1865 ಎಂದಿದೆ. ಆ ಭಾಗ ಅಷ್ಟು ಹಳೆಯದೇ? ಮನೆಯ ಚಿತ್ರಗಳನ್ನು ಜೊತೆಗೆ ಕಳಿಸಿದ್ದೇನೆ. ಅಣ್ಣಂದಿರು ದುಡ್ಡಿನಾಸೆಯವರು, ಎಲ್ಲ ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಅನ್ನುತ್ತಾರೆ. ನನಗೆ ತಮಿಳುನಾಡಿನ ಕಾರೈಕುಡಿಯಿಂದ ಹಳೆಯ ಕಂಬಗಳನ್ನು ತರಿಸಿ ಮುಂಭಾಗವನ್ನು ಮುತ್ತಾತನ ಕಾಲದಂತೆ ಮಾಡಿಸುವ ಆಸೆ. ಇಷ್ಟೆಲ್ಲ ಬದಲಾದ ಮನೆಯಲ್ಲಿ ಪರಂಪರೆ ಅನ್ನುವಂಥದ್ದು ಇನ್ನೇನಾದರೂ ಉಳಿದಿದೆಯೇ?

(ಹೆಸರು ಬೇಡವೆಂದು ಕೋರಿದ್ದಾರೆ)

ಸಂಪಾದಕರ ಉತ್ತರ

ಮಾನ್ಯರೆ,

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳುತ್ತೇನೆ. ಉಳಿದಿದೆ, ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಉಳಿದಿದೆ. ಅಣ್ಣಂದಿರ ಯೋಜನೆಯನ್ನು ನಾನು ಒಪ್ಪಲಾರೆ. ನಿಮ್ಮ ಯೋಜನೆಯನ್ನೂ ಒಪ್ಪಲಾರೆ. ಕೇಳಿ ನಿಮಗೆ ಬೇಸರವಾಗಬಹುದು, ಏಕೆಂದರೆ ಮನೆಯ ಮೇಲೆ ಅಕ್ಕರೆ ಇಟ್ಟುಕೊಂಡವರು ನೀವು. ಆದರೆ ಎರಡೂ ಯೋಜನೆಗಳ ಬುಡದಲ್ಲಿರುವ ಆಲೋಚನೆ ಒಂದೇ: 1921ರಲ್ಲಿ ಒಂದು ನಿಜವಾದ ಮನೆಯಿತ್ತು, ಆಮೇಲೆ ಆದದ್ದೆಲ್ಲ ಕೆಟ್ಟದ್ದು. ಕೆಟ್ಟಿದ್ದನ್ನು ಪೂರ್ತಿ ತೆಗೆದುಹಾಕೋಣ ಎಂದು ಅವರು, ಕೆಟ್ಟಿದ್ದನ್ನು ಮುಚ್ಚೋಣ ಎಂದು ನೀವು. ನೀವು ಕಳಿಸಿದ ಚಿತ್ರಗಳನ್ನು ನೋಡಿದ ಮೇಲೆ ನನಗೆ ಕಾಣುವುದು ಬೇರೆಯೇ ಮನೆ. 1921, 1958 ಎರಡನ್ನೂ ಮೈಮೇಲೆ ಇಟ್ಟುಕೊಂಡು ನಿಂತಿರುವ ಮನೆ.

ನಮ್ಮ ಊರಿನವರಿಗೆ ಪರಂಪರೆಯ ವಿಚಾರದಲ್ಲಿ ಒಂದು ತೊಡಕಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೆ ಹಂಪಿ ನಮ್ಮ ಜಿಲ್ಲೆಯಲ್ಲೇ ಇತ್ತು. ಪರಂಪರೆ ಎಂದರೆ ಅದು, ಮಿಕ್ಕಿದ್ದೆಲ್ಲ ಹಳೇ ಮನೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹಂಪಿಯನ್ನೇ ಸರಿಯಾಗಿ ನೋಡಿ. ವಿರೂಪಾಕ್ಷನ ಗುಡಿಯ ಮೂಲ ಭಾಗ ವಿಜಯನಗರಕ್ಕಿಂತ ಹಳೆಯದು. ಅದರ ಮುಂದಿನ ರಂಗಮಂಟಪ ಕೃಷ್ಣದೇವರಾಯ 1510ರಲ್ಲಿ ಸೇರಿಸಿದ್ದು. ಅದನ್ನು ಯಾರೂ ಬದಲಾಗಿ ಕೆಟ್ಟುಹೋದ ಗುಡಿ ಎನ್ನುವುದಿಲ್ಲ. ರಂಗಮಂಟಪ ಕಿತ್ತುಹಾಕಿ ಮೊದಲಿನ ಗುಡಿಯನ್ನು ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಅದೇ ಗುಡಿಯೆದುರಿನ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈಯಲ್ಲಿ ತೆರವು ಮಾಡಲಾಯಿತು. ಅವರಲ್ಲಿ ಕೆಲವರು ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು, ಕಲ್ಲಿಗೆ ಮೊಳೆ ಹೊಡೆದದ್ದು ನಿಜ. ಆದರೆ ಬಜಾರು ಬಜಾರಾಗಿ ಉಳಿದಿದ್ದೂ ಅವರಿಂದಲೇ ಎಂಬುದು ನನ್ನ ಗಟ್ಟಿ ನಂಬಿಕೆ. ಜನ ವಾಸವಿರುವ ಕಟ್ಟಡ ಬದಲಾಗುತ್ತದೆ. ಯಾವ ಬದಲಾವಣೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಿಸಬೇಕು ಎನ್ನುವುದಷ್ಟೇ ಕೇಳಬೇಕಾದ ಪ್ರಶ್ನೆ.

ಸಂರಕ್ಷಣೆಯ ಕೆಲಸ ಮಾಡುವವರು ಇದನ್ನು ಎಂದೋ ಒಪ್ಪಿದ್ದಾರೆ. ಸ್ಮಾರಕಗಳ ಸಂರಕ್ಷಣೆಗೆಂದು ಹಲವು ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದಿನ ಹನ್ನೊಂದನೆಯ ವಿಧಿಯ ಸಾರ ಇದು: ಒಂದು ಕಟ್ಟಡಕ್ಕೆ ಎಲ್ಲ ಕಾಲಗಳವರು ಕೊಟ್ಟ ಸತ್ವದ ಕೊಡುಗೆಗಳನ್ನೂ ಗೌರವಿಸಬೇಕು, ಇಡೀ ಕಟ್ಟಡವನ್ನು ಒಂದೇ ಶೈಲಿಗೆ ತರುವುದು ಜೀರ್ಣೋದ್ಧಾರದ ಗುರಿಯಲ್ಲ.

ಈಗ ನಿಮ್ಮ ತಾತನ ಮುಂಭಾಗಕ್ಕೆ ಬರುತ್ತೇನೆ. ನೀವು ಅದನ್ನು ‘ಸಿಮೆಂಟಿನ ಮುಂಭಾಗ’ ಎಂದು ಒಂದೇ ಮಾತಲ್ಲಿ ತಳ್ಳಿಹಾಕಿದ್ದೀರಿ. ಬೋರ್ಡುಗಳ ಮೇಲಿನ ಭಾಗದ ಚಿತ್ರವನ್ನು ಮತ್ತೊಮ್ಮೆ ನೋಡಿ. ಮೂಲೆಯಲ್ಲಿ ದುಂಡಾಗಿ ತಿರುಗುವ ಸಣ್ಣ ಬಾಲ್ಕನಿ, ಅದರ ಉದ್ದಕ್ಕೂ ಮೂರು ಅಡ್ಡಪಟ್ಟಿ, ಕಿಟಕಿಯ ಮೇಲೆ ತೆಳುವಾಗಿ ಚಾಚಿದ ಸಜ್ಜಾ, ಪ್ಯಾರಾಪೆಟ್ಟಿನ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಫಲಕ. ಅದರಲ್ಲಿ ಗಾರೆಯ ಉಬ್ಬಕ್ಷರದಲ್ಲಿ ಮನೆಯ ಹೆಸರು ಮತ್ತು 1958. ಇದು ಆರ್ಟ್ ಡೆಕೊ ಎನ್ನುವ ಶೈಲಿ. ಮುಂಬಯಿಯ ಮರೀನ್ ಡ್ರೈವಿನ ಕಟ್ಟಡಗಳ ಶೈಲಿ ಇದೇ. ಸಿಮೆಂಟು ಕಾಂಕ್ರೀಟಿನ ಆ ಕಟ್ಟಡಗಳು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಿಮ್ಮ ಮನೆ ಆ ಮಟ್ಟದ್ದು ಎಂದು ಹೇಳುತ್ತಿಲ್ಲ. ಆದರೆ ಮುಂಬಯಿಯಲ್ಲಿ ಮೆರೆದ ಒಂದು ರೂಪವನ್ನು ಇಲ್ಲಿಯ ಮೇಸ್ತ್ರಿಯೊಬ್ಬ ಕರಣೆಯಲ್ಲಿ ಎಳೆದಿದ್ದಾನೆ ಎಂದರೆ ಅದು ಕಡೆಗಣಿಸುವ ಸಂಗತಿಯಲ್ಲ.

ಇನ್ನೊಂದು ವಿಷಯ ನನ್ನನ್ನು ಇನ್ನೂ ಹೆಚ್ಚು ಹಿಡಿದು ನಿಲ್ಲಿಸಿತು. ಒಳಗಿನ ತಲೆಬಾಗಿಲಿನ ಹೆಸರು ತೆಲುಗಿನಲ್ಲಿದೆ ಎಂದು ನೀವೇ ಬರೆದಿದ್ದೀರಿ. ಪ್ಯಾರಾಪೆಟ್ಟಿನ ಹೆಸರು ಕನ್ನಡದಲ್ಲಿದೆ. ಬಳ್ಳಾರಿ 1800ರಿಂದ ಮದ್ರಾಸಿನ ಆಡಳಿತದಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆಂಧ್ರ ರಾಜ್ಯ ಹುಟ್ಟಿದ್ದೂ ಅದೇ ದಿನ. ಈ ಊರು ಯಾರಿಗೆ ಸೇರಬೇಕು ಎಂಬ ಬಿಸಿ ಜಗಳ ಇನ್ನೂ ಆರದ ದಿನಗಳವು. ಅದಾಗಿ ಐದೇ ವರ್ಷಕ್ಕೆ ನಿಮ್ಮ ತಾತ ಬೀದಿಯ ಕಡೆಗೆ ಕನ್ನಡದಲ್ಲಿ ಹೆಸರು ಬರೆಸಿದರು. ಒಳಬಾಗಿಲ ತೆಲುಗು ಹೆಸರನ್ನು ಅಳಿಸದೆ ಹಾಗೇ ಬಿಟ್ಟರು. ಎರಡೂ ಭಾಷೆಯ ಜನ ಒಂದೇ ಬೀದಿಯಲ್ಲಿ ವ್ಯಾಪಾರ ಮಾಡಿಕೊಂಡು ಬಂದ ಊರಿನ ಚರಿತ್ರೆಗೆ ಇಷ್ಟು ಚೊಕ್ಕ ಸಾಕ್ಷಿ ಎಲ್ಲಿ ಸಿಗುತ್ತದೆ? ಒಂದು ತಲೆಬಾಗಿಲಿನಿಂದ ಪ್ಯಾರಾಪೆಟ್ಟಿಗೆ ಇರುವ ದೂರ ಎಷ್ಟೆಂದು ಯೋಚಿಸಿ. ಕಾರೈಕುಡಿಯ ಕಂಬ ನಿಲ್ಲಿಸಲು ಆ ಫಲಕವನ್ನು ಒಡೆದರೆ ಈ ಮಾತು ಹೇಳಲು ಯಾವುದೂ ಉಳಿಯುವುದಿಲ್ಲ.

ಆ ಮುಂಭಾಗ ಕಟ್ಟಿಸಿದ್ದು ಸುಲಭದ ಕಾಲದಲ್ಲೂ ಅಲ್ಲ. ಸಿಮೆಂಟು ಸರ್ಕಾರದ ನಿಯಂತ್ರಣದಲ್ಲಿತ್ತು, ಪರ್ಮಿಟ್ ಬೇಕಿತ್ತು. ತುಂಗಭದ್ರಾ ಕಾಲುವೆಯ ನೀರು ಹರಿಯತೊಡಗಿ, ಹತ್ತಿ ಭತ್ತದ ವಹಿವಾಟು ಬೆಳೆಯುತ್ತಿದ್ದ ವರ್ಷಗಳು ಅವು. ಪೇಟೆಬೀದಿಯಲ್ಲಿ ಮಳಿಗೆಗೆ ಬೇಡಿಕೆ ಬಂತು, ತಾತ ಜಗಲಿಯನ್ನು ಮಳಿಗೆ ಮಾಡಿದರು. ಇದನ್ನು ನೀವು ಅಪಚಾರ ಎಂಬ ಧಾಟಿಯಲ್ಲಿ ಬರೆದಿದ್ದೀರಿ. ಪೇಟೆಬೀದಿಯ ಮನೆ ಎಂದರೆ ಮೊದಲಿನಿಂದಲೂ ಮುಂದೆ ಅಂಗಡಿ, ಹಿಂದೆ ಸಂಸಾರ. ಜಗಲಿಯ ಮೇಲೆ ಕೂತೇ ತೂಕ, ಲೆಕ್ಕ, ಮಾತುಕತೆ ಎಲ್ಲ ನಡೆಯುತ್ತಿತ್ತು. ಶಟರು ಬಂದದ್ದರಿಂದ ಮನೆಯ ಗುಣವೇನೂ ತಿರುಗಿಬಿದ್ದಿಲ್ಲ.

ಕಾರೈಕುಡಿಯ ಕಂಬಗಳ ಬಗ್ಗೆಯೂ ಹೇಳಬೇಕು. ಅಲ್ಲಿಯ ಹಳೆ ಮರದ ಅಂಗಡಿಗಳಲ್ಲಿ ಮಾರಾಟಕ್ಕಿರುವ ಪ್ರತಿಯೊಂದು ಕಂಬವೂ, ಬಾಗಿಲೂ ಕೆಡವಿದ ಇನ್ನೊಂದು ಮನೆಯದು. ಇನ್ನೊಬ್ಬರ ಅಜ್ಜನ ಮನೆಯ ಅಂಗಾಂಗ ತಂದು ನಿಮ್ಮ ಮನೆಗೆ ಹಚ್ಚಿದರೆ ಅದು ನಿಮ್ಮ ಮುತ್ತಾತನ ಜಗಲಿ ಆಗುವುದಿಲ್ಲ. ಆ ಜಗಲಿಯ ಚಿತ್ರವೂ ನಿಮ್ಮ ಬಳಿ ಇಲ್ಲ. ಕಂಬ ಎಷ್ಟಿದ್ದವು, ಅವುಗಳ ತಲೆಯ ಬೋದಿಗೆ ಹೇಗಿತ್ತು ಎಂಬುದನ್ನು ಊಹಿಸಿಯೇ ಕಟ್ಟಬೇಕು. ಊಹೆಯಿಂದ ಕಟ್ಟಿದ ಹಳೆಯದಕ್ಕಿಂತ ನಿಜವಾಗಿ ಕಟ್ಟಿದ 1958 ಮೇಲು.

ಬೀದಿಯಿಂದ ಒಳಗೆ ಹೋಗೋಣ. ನನಗೆ ಈ ಮನೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಅನ್ನಿಸಿದ್ದು ತಲೆಯ ಮೇಲಿದೆ. ಮುಂದಿನ ಮಳಿಗೆಗಳ ಮೇಲೆ 1958ರ ಕಾಂಕ್ರೀಟ್ ಛಾವಣಿ. ಅದನ್ನು ದಾಟಿದರೆ ಪಡಸಾಲೆ, ನಡುಮನೆಗಳ ಮೇಲೆ ಮದ್ರಾಸ್ ತಾರಸಿ. ಅದರ ಹಿಂದಿನ ಎರಡು ಅಂಕಣಕ್ಕೆ ಮಣ್ಣಿನ ಮಾಳಿಗೆ. ಕಡೆಗೆ ಅಡುಗೆಮನೆಗೆ ಮಂಗಳೂರು ಹೆಂಚು. ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯವರು ತಲೆಯ ಮೇಲೆ ಸೂರು ಮಾಡಿಕೊಂಡ ಮುಖ್ಯ ವಿಧಾನಗಳೆಲ್ಲ ಒಂದೇ ಮನೆಯಲ್ಲಿವೆ, ಅದೂ ಒಂದರ ಹಿಂದೆ ಒಂದು. ಕಟ್ಟಡ ಕಲೆ ಕಲಿಯುವ ಮಕ್ಕಳನ್ನು ಕರೆತಂದು ನಿಲ್ಲಿಸಬೇಕಾದ ಮನೆ ಇದು.

ಮದ್ರಾಸ್ ತಾರಸಿಯ ಕೆಲಸ ಗೊತ್ತಿದ್ದವರು ಈಗ ಬಹಳ ಕಡಿಮೆ, ಆದ್ದರಿಂದ ತುಸು ವಿವರಿಸುತ್ತೇನೆ. ತೇಗದ ಜಂತೆಗಳನ್ನು ಒಂದೂವರೆ ಅಡಿಗೊಂದರಂತೆ ಗೋಡೆಯಿಂದ ಗೋಡೆಗೆ ಹಾಕುತ್ತಾರೆ. ಅವುಗಳ ಮೇಲೆ ಒಂದು ಅಂಗುಲದಷ್ಟೇ ದಪ್ಪದ ಸಣ್ಣ ಇಟ್ಟಿಗೆಗಳನ್ನು ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಒಂದಕ್ಕೊಂದು ಅಂಟಿಸುತ್ತಾ ಹೋಗುತ್ತಾರೆ. ಸಾಲುಗಳು ಗೋಡೆಗೆ ನೇರವಾಗಿರದೆ ಒಂದು ಮೂಲೆಯಿಂದ ಓರೆಯಾಗಿ ಸಾಗುತ್ತವೆ. ಕೆಳಗೆ ಸೆಂಟ್ರಿಂಗ್ ಹಲಗೆ ಇರುವುದಿಲ್ಲ. ಹೊಸ ಸಾಲಿಗೆ ಹಿಂದಿನ ಸಾಲೇ ಆಸರೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಬೆರೆಸಿ ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಸಾಲಾಗಿ ಕೂತು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಮೇಲೆ ಚಪ್ಪಟೆ ಬಿಲ್ಲೆಗಳ ಹಾಸು. ನಿಮ್ಮ ನಡುಮನೆಯ ಮೇಲ್ಭಾಗದ ಚಿತ್ರದಲ್ಲಿ ಜಂತೆಗಳ ನಡುವೆ ಓರೆ ಗೆರೆಗಳು ಸುಣ್ಣದ ಪದರದಡಿಯಿಂದಲೂ ಕಾಣುತ್ತಿವೆ. ನೂರು ವರ್ಷ ದಾಟಿದ ಕೆಲಸ, ಎಲ್ಲೂ ಜೋತುಬಿದ್ದಿಲ್ಲ.

ಹಿಂದಿನ ಮಣ್ಣಿನ ಮಾಳಿಗೆಯನ್ನು ಬಡವರ ಸೂರು ಎಂದು ಕಡೆಗಣಿಸಬೇಡಿ. ಬಳ್ಳಾರಿಗೆ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ಊರಿಗೆ ಹೊರೆ ಮಣ್ಣು ಹೊತ್ತ ಮಾಳಿಗೆ, ಎರಡಡಿ ದಪ್ಪದ ಗೋಡೆ ಹೇಳಿ ಮಾಡಿಸಿದ ಜೋಡಿ. ಮಳೆಗಾಲಕ್ಕೆ ಮೊದಲು ಮೇಲೆ ಚೌಳು ಮಣ್ಣು ಹರಡಿದರೆ ನೀರು ಇಳಿಯುವುದಿಲ್ಲ. ಮೇ ತಿಂಗಳಲ್ಲಿ ನಿಮ್ಮ ಅಮ್ಮ ಮುಂದಿನ ಕೋಣೆ ಬಿಟ್ಟು ಹಿಂದೆ ಮಲಗುತ್ತಾರೆ ಎಂದು ಬರೆದಿದ್ದೀರಲ್ಲ, ಅವರಿಗೆ ಗೊತ್ತಿರುವುದನ್ನೇ ನಾನಿಲ್ಲಿ ಬರೆಯುತ್ತಿದ್ದೇನೆ. ಆದರೆ ಅಲ್ಲಿಯ ಗವಾಕ್ಷಿಯನ್ನು, ಅಂದರೆ ಸೂರಿನ ಬೆಳಕಿಂಡಿಯನ್ನು, ಯಾರೋ ಸಿಮೆಂಟಿನಿಂದ ಮುಚ್ಚಿದ್ದಾರೆ. ಅದನ್ನು ತೆರೆಸಿ, ಮೇಲೆ ಗಾಜು ಕೂರಿಸಿ, ಬಿಸಿಗಾಳಿ ಹೊರಹೋಗಲು ಪಕ್ಕದಲ್ಲಿ ಸಂದು ಬಿಡಿಸಿ. ಈ ಮನೆಯಲ್ಲಿ ಮೊದಲು ಮಾಡಿಸಬೇಕಾದ, ಅತಿ ಕಡಿಮೆ ಖರ್ಚಿನ ಕೆಲಸ ಅದು.

ಹೆಂಚಿನ ಮೇಲಿನ 1865ರಿಂದ ಮನೆಯ ವಯಸ್ಸು ಹೇಳಲಾಗದು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ ಅದು. ಮುಂದೆ ಎಷ್ಟೋ ಕಾಲದವರೆಗೆ ತಯಾರಾದ ಹೆಂಚುಗಳ ಮೇಲೂ ಅದೇ ಇಸವಿಯನ್ನು ಒತ್ತುತ್ತಿದ್ದರು. ಇದನ್ನು ನಂಬಿ ಮನೆಗೆ ಐವತ್ತು ವರ್ಷ ಹೆಚ್ಚು ಆಯುಸ್ಸು ಕೊಟ್ಟವರು ಬಹಳ ಮಂದಿ. ನಿಮ್ಮ ಮನೆಯ ವಯಸ್ಸಿಗೆ ತಲೆಬಾಗಿಲಿನ ಕಲ್ಲನ್ನೇ ನಂಬಿ. ಹಳೆಯ ಕ್ರಯಪತ್ರ, ಭಾಗಪತ್ರಗಳಲ್ಲಿ ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಬರೆದಿರುತ್ತದೆ, ಅದನ್ನೂ ತೆಗೆದು ನೋಡಿ.

ಇನ್ನು ನಿಜವಾಗಿ ಕೆಟ್ಟ ಬದಲಾವಣೆಗಳು. ಇವು ನಿಮ್ಮ ತಾತ ಮಾಡಿಸಿದವಲ್ಲ, ಇತ್ತೀಚಿನವು.

ಎರಡು ಮಳಿಗೆ ನಾಲ್ಕಾದಾಗ ಪಡಸಾಲೆಯ ಮುಂಗೋಡೆಯನ್ನು ಕೊರೆದು ಅಗಲದ ಬಾಗಿಲು ಮಾಡಿದ್ದಾರೆ. ಅದೇ ನನಗೆ ಹೆದರಿಕೆ. ಮದ್ರಾಸ್ ತಾರಸಿಯ ಭಾರವೆಲ್ಲ ಜಂತೆಗಳ ತುದಿ ಕೂತಿರುವ ಎರಡು ಗೋಡೆಗಳ ಮೇಲಿರುತ್ತದೆ. ಜಂತೆಗಳು ಬೀದಿಗೆ ಸಮಾನಾಂತರವಾಗಿದ್ದರೆ ಮುಂಗೋಡೆಗೆ ಹೆಚ್ಚು ಭಾರವಿಲ್ಲ, ಕೊರೆದದ್ದು ಅಷ್ಟು ಅಪಾಯವಲ್ಲ. ಅವು ಬೀದಿಯ ಕಡೆಯಿಂದ ಒಳಕ್ಕೆ ಚಾಚಿದ್ದರೆ ಕೊರೆದದ್ದು ಭಾರ ಹೊತ್ತ ಗೋಡೆಯನ್ನೇ. ಮಳಿಗೆಯ ಫಾಲ್ಸ್ ಸೀಲಿಂಗಿನ ಒಂದು ಹಲಗೆ ಬಿಚ್ಚಿಸಿ ಈ ವಾರವೇ ನೋಡಿ. ಬಾಗಿಲ ಮೇಲೆ ಕಬ್ಬಿಣದ ತೊಲೆ ಇದೆಯೇ, ಅದರ ಎರಡೂ ತುದಿ ಗೋಡೆಯಲ್ಲಿ ಎಷ್ಟು ಕೂತಿವೆ, ಮೇಲೆ ಬಿರುಕಿದೆಯೇ ಎಂಬುದನ್ನು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಕಣ್ಣಾರೆ ಕಾಣಬೇಕು. ಹಾಗೆಯೇ ಜಂತೆಗಳ ತುದಿಗಳು. ಮರ ಕೊಳೆಯುವುದು, ಗೆದ್ದಲು ಹಿಡಿಯುವುದು ಬಹುಪಾಲು ಗೋಡೆಯೊಳಗೆ ಅಡಗಿದ ಆ ತುದಿಗಳಲ್ಲೇ. ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಇಳಿದರೆ ಮರ ಸತ್ತಿದೆ ಎಂದರ್ಥ. ಹಾಗಿದ್ದರೂ ಸೂರು ಕೆಡವಬೇಕಿಲ್ಲ. ಕೆಟ್ಟ ತುದಿಯನ್ನು ಕತ್ತರಿಸಿ ಎರಡೂ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕಿ ಕೂಡಿಸಬಹುದು. ತಾರಸಿಯ ಮೇಲಿನ ಎರಡು ಸಿಂಟೆಕ್ಸ್ ಟ್ಯಾಂಕುಗಳನ್ನು ಮಾತ್ರ ನಾಳೆಯೇ ಇಳಿಸಿ, ಕಾಂಕ್ರೀಟ್ ಛಾವಣಿಯ ಕಡೆಗೆ ಸಾಗಿಸಿ.

ಎರಡನೆಯದು ನಡುಮನೆಯ ಗೋಡೆಗೆ ಬಳಿದ ಸಿಮೆಂಟು. ಕಲ್ಲು, ಸುಣ್ಣದ ಗಾರೆಯ ಗೋಡೆ ನೆಲದಿಂದ ತೇವ ಹೀರುತ್ತದೆ, ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವಕ್ಕೆ ಹೊರದಾರಿ ಇಲ್ಲ. ಅದು ಮೇಲೇರಿ, ಉಪ್ಪು ಕಕ್ಕಿಸಿ, ಗಿಲಾಯಿಯನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ. ನಿಮ್ಮ ಚಿತ್ರಗಳಲ್ಲಿ ಸೊಂಟದೆತ್ತರಕ್ಕೆ ಕಾಣುವ ಬಿಳಿ ಕಲೆ ಇದೇ. ಅದಕ್ಕೆ ಟೈಲ್ಸ್ ಅಂಟಿಸಿ ಮುಚ್ಚಬೇಡಿ, ತೇವ ಇನ್ನೂ ಎತ್ತರಕ್ಕೆ ಏರುತ್ತದೆ. ಸಿಮೆಂಟು ಕೆತ್ತಿಸಿ, ಗೋಡೆ ಒಂದು ಬೇಸಿಗೆ ಒಣಗಲಿ, ಆಮೇಲೆ ಸುಣ್ಣದ ಗಿಲಾಯಿ ಮಾಡಿಸಿ. ಸುಣ್ಣ ಗಟ್ಟಿಯಿಲ್ಲ ಎನ್ನುವ ಮೇಸ್ತ್ರಿಗೆ ತುಂಗಭದ್ರಾ ಅಣೆಕಟ್ಟೆಯ ಕಲ್ಲುಕಟ್ಟಡವನ್ನು ಸುಣ್ಣ, ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದಾರೆಂದು ನೆನಪು ಮಾಡಿ. ತೇವಕ್ಕೆ ಬೀದಿಯೂ ಒಂದು ಕಾರಣ. ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ರಸ್ತೆ ಎತ್ತರವಾಗಿ, ಮನೆಯ ನೆಲ ತಗ್ಗಾಗಿದೆ. ಹಳೆಯ ಪದರ ಕೆರೆದು ಹೊಸದು ಹಾಕಿ ಎಂದು ನೀವೊಬ್ಬರೇ ಪಾಲಿಕೆಯನ್ನು ಕೇಳಿದರೆ ಸಾಲದು, ಬೀದಿಯ ಎಲ್ಲರೂ ಕೇಳಬೇಕು.

ಮೂರನೆಯದು ಬೋರ್ಡುಗಳು, ಮತ್ತು ಬಾಲ್ಕನಿಗೆ ಹೊದಿಸಿದ ಅಲ್ಯುಮಿನಿಯಂ ಹೊದಿಕೆಯ ಎಸಿಪಿ ಶೀಟು. ಅವನ್ನು ಶಟರಿನ ಮೇಲಿನ ಪಟ್ಟಿಯಷ್ಟಕ್ಕೆ ಇಳಿಸಬೇಕೆಂದು ಬಾಡಿಗೆ ಕರಾರು ನವೀಕರಿಸುವಾಗ ಒಂದು ಷರತ್ತು ಬರೆಸಿ.

ಅಣ್ಣಂದಿರ ಬಗ್ಗೆ. ಅವರನ್ನು ದುಡ್ಡಿನಾಸೆಯವರು ಎಂದು ನೀವು ಬರೆದದ್ದು ನನಗೆ ಸರಿಬರಲಿಲ್ಲ. ಮೂವರ ಹೆಸರಿನಲ್ಲಿರುವ ಆಸ್ತಿ, ಪೇಟೆಯ ನಡುವಿನ ಜಾಗ. ಅವರು ಲೆಕ್ಕ ಹಾಕುವುದು ಸಹಜ. ಲೆಕ್ಕವನ್ನು ಪೂರ್ತಿ ಹಾಕಲಿ ಎಂದಷ್ಟೇ ನನ್ನ ಮಾತು. ಈಗಿನ ಮನೆ ಬೀದಿಯ ಅಂಚಿನಿಂದ ಹಿತ್ತಲವರೆಗೆ, ಪಕ್ಕದ ಗೋಡೆಯಿಂದ ಪಕ್ಕದ ಗೋಡೆಗೆ ನಿಂತಿದೆ. ಕೆಡವಿ ಹೊಸ ಪರವಾನಗಿ ಕೇಳಿದ ದಿನ ಇಂದಿನ ನಿಯಮಗಳು ಅನ್ವಯಿಸುತ್ತವೆ. ಮುಂದೆ ಸೆಟ್‌ಬ್ಯಾಕ್ ಎಂದು ಖಾಲಿ ಜಾಗ ಬಿಡಬೇಕು, ಪಾರ್ಕಿಂಗಿಗೆ ಜಾಗ ತೋರಿಸಬೇಕು, ರಸ್ತೆ ಅಗಲೀಕರಣದ ಗೆರೆ ಎಲ್ಲಿ ಹಾದಿದೆಯೋ ಅಲ್ಲಿಯವರೆಗೆ ಹಿಂದೆ ಸರಿಯಬೇಕು. ಪೇಟೆಯಲ್ಲಿ ಬಾಡಿಗೆಯ ತೂಕವೆಲ್ಲ ಬೀದಿಗೆ ತಾಗಿದ ನೆಲಮಟ್ಟದ ಮಳಿಗೆಯದು. ಅದನ್ನೇ ಕಳೆದುಕೊಂಡು, ಸಾಲ ಮಾಡಿ, ಮೇಲೆ ಮೂರು ಮಹಡಿ ಎಬ್ಬಿಸಿದರೆ ಕೊನೆಗೆ ಕೈಗೆ ಎಷ್ಟು ಬರುತ್ತದೆ? ಒಬ್ಬ ಆರ್ಕಿಟೆಕ್ಟರಿಂದ ಎರಡೂ ಲೆಕ್ಕ ಹಾಕಿಸಿ: ಕೆಡವಿ ಕಟ್ಟುವುದು ಒಂದು, ಇರುವುದನ್ನು ಭದ್ರಪಡಿಸಿ ನಡುಮನೆ, ಪಡಸಾಲೆಗಳನ್ನು ಒಳ್ಳೆಯ ಬಾಡಿಗೆಗೆ ಕೊಡುವುದು ಇನ್ನೊಂದು. ಆ ಪಡಸಾಲೆಯ ಕಂಬಗಳ ನಡುವೆ ಒಂದು ಸೀರೆ ಅಂಗಡಿಯೋ, ಊಟದ ಮನೆಯೋ ಚೆನ್ನಾಗಿ ನಡೆಯುತ್ತದೆ. ಬಳಕೆಯಲ್ಲಿರುವ ಹಳೆ ಮನೆಯೇ ಉಳಿಯುವುದು.

ಕಾನೂನಿನ ರಕ್ಷಣೆಯ ಬಗ್ಗೆ ಹೆಚ್ಚು ಭರವಸೆ ಕೊಡಲಾರೆ. ಪ್ರಾಚೀನ ಸ್ಮಾರಕಗಳ ಬಗೆಗಿನ ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆಗಳು ಘೋಷಿತ ಸ್ಮಾರಕಗಳಿಗೆ. ಜನ ಬಾಳುವ ಪೇಟೆಯ ಮನೆಗಳಿಗೆ ಅವುಗಳಿಂದ ಆಗುವುದು ಕಡಿಮೆ. ಸದ್ಯಕ್ಕೆ ನಿಮ್ಮ ಮನೆಯನ್ನು ಉಳಿಸಬಲ್ಲವರು ನೀವು ಮೂವರೇ.

ಯಾವ ತೀರ್ಮಾನಕ್ಕೆ ಬಂದರೂ ಅದಕ್ಕೆ ಮೊದಲು ಒಂದು ಕೆಲಸ ಮಾಡಿಸಿ. ಇಡೀ ಮನೆಯ ಅಳತೆ ನಕ್ಷೆ: ಪ್ರತಿ ಕೋಣೆಯ ಉದ್ದ ಅಗಲ, ಗೋಡೆಯ ದಪ್ಪ, ಜಂತೆಗಳು ಹಾದಿರುವ ದಿಕ್ಕು, ಕಂಬ ಬೋದಿಗೆಗಳ ರೇಖಾಚಿತ್ರ, ಎರಡೂ ಹೆಸರುಗಳ ಹತ್ತಿರದ ಫೋಟೊ, ಯಾವ ಸೂರು ಎಲ್ಲಿಂದ ಎಲ್ಲಿಯವರೆಗೆ ಎಂಬ ಗುರುತು. 1958ರ ಕೆಲಸವನ್ನು ಚಿಕ್ಕಂದಿನಲ್ಲಿ ಕಂಡವರು ಬೀದಿಯಲ್ಲಿ ಇನ್ನೂ ಇದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಜಗಲಿಯ ಕಂಬಗಳು ಎಲ್ಲಿಗೆ ಹೋದವು ಎಂದು ತಪ್ಪದೆ ಕೇಳಿ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಇಂಥ ಅಳತೆಯ ಕೆಲಸ ಪಾಠದ ಭಾಗವೇ ಆಗಿರುವುದರಿಂದ ಯಾವುದಾದರೂ ಕಾಲೇಜಿಗೆ ಬರೆದರೆ ಹೆಚ್ಚಿನ ಖರ್ಚಿಲ್ಲದೆ ಆದೀತು. ನಕ್ಷೆ ಸಿದ್ಧವಾದ ಮೇಲೆ ಒಂದು ಪ್ರತಿಯನ್ನು ನಮಗೂ ಕಳಿಸಿ. ಮನೆಯವರ ಹೆಸರಿಲ್ಲದೆ ಪುಟ ತುಂಬ ಅಚ್ಚು ಹಾಕುತ್ತೇವೆ. ಬೆಂಗಳೂರು ರಸ್ತೆ, ತೇರು ಬೀದಿ, ಬ್ರೂಸ್‌ಪೇಟೆ, ಕೌಲ್ ಬಜಾರಿನಲ್ಲಿ ಶಟರಿನ ಹಿಂದೆ ಇಂಥದ್ದೇ ಪಡಸಾಲೆ ಇಟ್ಟುಕೊಂಡಿರುವ ಬೇರೆ ಓದುಗರೂ ತಮ್ಮ ಮನೆಯ ಚಿತ್ರ, ಅಳತೆ ಕಳಿಸಬಹುದು.

ಇಂಜಿನಿಯರ್ ಬಂದು ನೋಡುವವರೆಗೆ ಆ ಅಗಲ ಬಾಗಿಲಿನ ಕೆಳಗೆ ಎರಡು ಉಕ್ಕಿನ ಆಸರೆ ಕಂಬ ಕೊಡಿಸಿ.

ಸಂಪಾದಕ